ಸೀರೆ ಇದ್ದಷ್ಟು ದೂರ

ಸೇಡಂನ ತೊಗಲು ನನಗೆ ಓದಲು ಬರುತ್ತದೆ.
ಬೆರಳ ಸಂದು ಬಿರಿದಿದ್ದರೆ ಸಿಮೆಂಟು,
ಮೊಣಕೈವರೆಗೆ ದದ್ದೆದ್ದರೆ ತೊಗರಿ ರಾಶಿಯ ಧೂಳು,
ಮೇ ತಿಂಗಳಲ್ಲಿ ಬೆನ್ನ ತುಂಬ ಬೆವರುಗುಳ್ಳೆ,
ಅದಕ್ಕೆ ಚೀಟಿಯೂ ಬೇಡ.

ಸುಗಲಾಬಾಯಿ ಪರದೆ ಎಳೆದುಕೊಂಡು
ಲಂಗದ ಲಾಡಿ ಸಡಿಲಿಸಿದಾಗ
ಇಪ್ಪತ್ತು ವರ್ಷದ ಓದು ತಡವರಿಸಿತು.
ಸೊಂಟದ ಸುತ್ತ ಸಾಸಿವೆ ಕಾಳಿನಷ್ಟು ಕೆಂಪು ಗುಳ್ಳೆ,
ದಾರ ಹಿಡಿದು ಗೆರೆ ಎಳೆದ ಹಾಗೆ.
ಕಂಕುಳಲ್ಲಿ, ರವಿಕೆಯ ಅಂಚಿನಗುಂಟ.
ಮುಖ, ಮುಂಗೈ, ಪಾದ
ಏನೂ ಇಲ್ಲ.

"ಏನು ತಿಂದಿದ್ರಿ?"
"ಎಲ್ಲಾರೂ ತಿಂದಿದ್ದೇ ತಿಂದೀನ್ರಿ."
"ಎಲ್ಲಾರೂ ಅಂದ್ರ?"
"ಸಂಘದಾಗಿನ ಹದಿನಾರು ಮಂದಿ. ಮುರ್ಡೇಶ್ವರಕ್ಕ ಹೋಗಿದ್ವಿ.
ಅವರಿಗೂ ತುರಸ್ಲತ್ತದ. ನಾಚಿಕಿಗೆ ಬಂದಿಲ್ಲ."

ಆಗ ತಿಳಿಯಿತು.
ಬೇಸಿಗೆಯ ಕಾಗಿಣಾದಲ್ಲಿ ಮೊಣಕಾಲೂ ನೆನೆಯದ ಹೆಂಗಸರು
ಕೈ ಕೈ ಹಿಡಿದು ಕಡಲಿಗೆ ಇಳಿದಿದ್ದಾರೆ,
ಸೆರಗು ಬಿಗಿದು.
ಕಣ್ಣಿಗೆ ಕಾಣದ ಲೋಳೆಮೀನಿನ ಮರಿಗಳು
ಬರಿ ಮೈಯಾದರೆ ಜಾರಿ ಹೋಗುತ್ತಿದ್ದವು.
ಬಟ್ಟೆಯೊಳಗೆ ಸಿಕ್ಕಿ, ಒತ್ತಿ,
ದಾರಿ ಕಾಣದೆ ಕುಟುಕಿವೆ.
ಬಸ್ಸಿನ ಡ್ರೈವರ್ ಮಧ್ಯಾಹ್ನವಿಡೀ ಈಜಿದನಂತೆ.
ಅವನ ತುರಿಕೆ ಚಡ್ಡಿಯಷ್ಟೇ.

"ಮೈ ಮುಚ್ಚಿದ್ದೇ ತಪ್ಪಾತೇನ್ರಿ?" ಎಂದು ನಕ್ಕಳು.

ಹಚ್ಚಲು ಗುಲಾಬಿ ಬಣ್ಣದ ನೀರು ಬರೆದೆ, ರಾತ್ರಿಗೊಂದು ಗುಳಿಗೆ.
ಕೆರೆಯಬೇಡಿ, ಹತ್ತು ಹದಿನೈದು ದಿನ ಬೇಕು ಎಂದೆ.
ಇನ್ನೊಮ್ಮೆ ಹೋದರೆ
ದಂಡೆಗೆ ಬಂದ ಕೂಡಲೆ ಒದ್ದೆ ಬಟ್ಟೆ ಬಿಚ್ಚಿ,
ಆಮೇಲೆ ಸಿಹಿನೀರು.
ಬಟ್ಟೆಯ ಮೇಲೆ ಸುರಿದರೆ ಇನ್ನಷ್ಟು ಕೆರಳುತ್ತವೆ.

"ಬಿಚ್ಚಲಕ್ಕ ಖೋಲಿ ಎಲ್ಲದರಿ ಅಲ್ಲಿ?
ನಳದ ಕೆಳಗ ಹಂಗೇ ನಿಂತ್ವಿ.
ಒದ್ದೀಲೇ ಬಸ್ಸಿನಾಗ ಕುಂತ್ವಿ.
ಹುಬ್ಬಳ್ಳಿ ಬರೂತನಕ ಮೈಮ್ಯಾಗೇ ಒಣಗ್ಯಾವ."

ನನ್ನ ಪೆನ್ನು ನಿಂತಿತು.
ಓದಿದ ಯಾವ ಪುಟದಲ್ಲೂ
ಆ ಖೋಲಿ ಇರಲಿಲ್ಲ.

"ಮೊನ್ನಿ ಕಡಿಮ್ಯಾಗಿತ್ತು. ನಿನ್ನಿ ಅದೇ ರವಿಕಿ ಉಟ್ಟೆ,
ಮತ್ತ ಸುರು."
"ಒಗೆದಿರಲಿಲ್ವಾ?"
ಅವಳು ಪರದೆಯ ನೆರಿಗೆ ನೋಡಿದಳು.
"ಒಗದರ ಸಮುದ್ರದ ವಾಸ್ನಿ ಹೋಗ್ತದಂತ
ಗಂಟು ಕಟ್ಟಿ ಇಟ್ಟಿದ್ದೆ."

ಒಣಗಿದ ಮೇಲೂ ಕುಟುಕುತ್ತವೆ ಎಂದೆ,
ಬಿಸಿನೀರು, ಸೋಪು, ಉರಿಬಿಸಿಲು,
ಎಲ್ಲವನ್ನೂ, ರವಿಕೆ ಲಂಗ ಸೀರೆ ಎಲ್ಲವನ್ನೂ.

ಚೀಟಿ ಮಡಚಿ ಎದ್ದಳು.
ಬಾಗಿಲ ತನಕ ಹೋಗಿ ತಿರುಗಿದಳು.
"ಸೆರಗಿನ ಒಂದು ತುದಿ
ಬಿಟ್ರ ನಡೀತದೇನ್ರಿ?"