ಪರೋಟಕ್ಕೆಂದು ಹೊರಟು

ಉಪ್ಪಳದಿಂದ ಪರೋಟ ತರಲೆಂದು ಹೊರಟದ್ದು, ರಾತ್ರಿ ಹನ್ನೊಂದೂವರೆಗೆ.
ಮುಸೋಡಿ ತಿರುವಿನಲ್ಲಿ ಸಫ್ವಾನ್ ಸ್ಕೂಟರ್ ನಿಲ್ಲಿಸಿ
‘ಕೇಳ್ತದಾ?’ ಎಂದ.
ಕಿವಿಗಿಂತ ಮೊದಲು ಅಂಗಾಲಿಗೆ ಕೇಳಿತು.

ಮುಚ್ಚಿ ವರ್ಷವಾದ ಐಸ್ ಪ್ಲಾಂಟು.
ಒಳಗೆ ನಿಮಿಷಕ್ಕೆ ನೂರೆಂಬತ್ತು ಏಟು,
ತಗಡು ಮಾಡು ಹಲ್ಲು ಕಡಿಯುತ್ತಿದೆ.
ಬಸ್ಸಿನ ಬೋರ್ಡಿನ ರಗಳೆ ಇಲ್ಲಿಲ್ಲ,
ಈ ಸದ್ದಿಗೆ ಭಾಷೆಯೇ ಇಲ್ಲ.
ಚಪ್ಪಲಿ ಎಲ್ಲೋ ಹೋಯಿತು. ಬೆವರಿಗೆ ಹಳೇ ಬಂಗುಡೆಯ ವಾಸನೆ.

ಹೊಗೆಯೊಳಗಿಂದ ಒಬ್ಬ ಕೂಗಿದ:
‘ಲ್ಯಾಬಿನ ಅಕ್ಕ ಅಲ್ವಾ? ನನ್ನ ಶುಗರ್ ಎಷ್ಟುಂಟು?’
ಕುಣಿತ ನಿಲ್ಲಿಸದೆ ಬೆರಳಲ್ಲಿ ತೋರಿಸಿದೆ:
ಎರಡು, ಒಂದು, ನಾಲ್ಕು.
ಅವನು ಇನ್ನೂ ಎತ್ತರ ಹಾರಿದ.

ನಾಲ್ಕಕ್ಕೆ ಜನರೇಟರಿನ ಡೀಸೆಲ್ ಮುಗಿಯಿತು.
ಕತ್ತಲೆ. ಗೋಡೆಯಾಚೆ ಕಡಲು
ಒಂದು ತೆರೆ ಕೊಟ್ಟು
ಮತ್ತೊಂದಕ್ಕೆ ಕಾಯಿಸಿತು.
ಇದು ಯಾವಾಗಲೂ ಇಷ್ಟು ನಿಧಾನವಾ, ಮಾರಾಯ?