ಗಸಗಸೆಯಷ್ಟು

ವಾರದಲ್ಲಿ ಆರು ದಿನ ನಾನು
ಕಲಾಸಿಪಾಳ್ಯದ ಬೀಜದಂಗಡಿಯಲ್ಲಿ ಚಿಟಿಕೆಯ ಲೆಕ್ಕದವಳು.
ದಂಟು ಐದು ಗ್ರಾಂ, ಮೂಲಂಗಿ ಇಪ್ಪತ್ತು, ಮೆಂತ್ಯ ಐವತ್ತು,
ಪೊಟ್ಟಣ ಮಡಚಿ, ಪಿನ್ನು ಹೊಡೆದು, ಬೆಲೆ ಬರೆದು.
ಏಳನೆಯ ದಿನ ಲಿಂಗರಾಜಪುರದಲ್ಲಿ
ದೇವಾಲಯದ ಹಿಂದಿನ ತಗಡಿನ ಚಾವಣಿಯ ಕೆಳಗೆ
ಹನ್ನೊಂದು ಮಕ್ಕಳ ಟೀಚರು.

ಅವತ್ತಿನ ಪಾಠ ಸಾಸಿವೆ.
ಎಲ್ಲ ಬೀಜಗಳಿಗಿಂತ ಚಿಕ್ಕದು, ಎಂದು ಓದಿದೆ.
ಹಿಂದಿನ ಚಾಪೆಯಿಂದ ಜೆಮೀಮ ಎದ್ದು ಬಂದಳು.
ಮುಷ್ಟಿ ಬಿಚ್ಚಿದರೆ ಪೇಪರಿನ ಚೂರಲ್ಲಿ ಗಸಗಸೆ,
ಅಮ್ಮ ಪಾಯಸಕ್ಕೆ ನೆನೆಸಿ ಉಳಿಸಿದ್ದು.
ಹಾಜರಿ ಪುಸ್ತಕದ ಮೇಲೆ ಸಾಸಿವೆಯ ಪಕ್ಕ ಸುರಿದಳು.
'ಮಿಸ್, ಇದು ಇನ್ನೂ ಚಿಕ್ಕದಲ್ವಾ?'

ಗೊತ್ತಿತ್ತು ನನಗೆ.
ಹತ್ತೊಂಬತ್ತು ವರ್ಷದಿಂದ ಈ ಬೆರಳುಗಳಿಗೆ ಗೊತ್ತಿತ್ತು.
ಭಾನುವಾರ ಮಾತ್ರ ಬೆರಳುಗಳನ್ನು
ಮನೆಯಲ್ಲೇ ಬಿಟ್ಟು ಬರುತ್ತಿದ್ದೆ.

ಕಾಣಿಕೆಯ ಲೆಕ್ಕ ಹಿಡಿದು ಹೋಗುತ್ತಿದ್ದ
ದೇವಪುತ್ರಪ್ಪನವರು ನಿಂತರು. ಸಭೆಗೆ ಹಿರಿಯರು.
'ಬರೆದದ್ದು ಬರೆದ ಹಾಗೆ, ಮಗು.
ಒಂದು ಹೊಲಿಗೆ ಬಿಚ್ಚಿದರೆ ಮೂಟೆಯೇ ಸೋರುತ್ತೆ.
ಎಳ್ಳಷ್ಟೂ ಸಂಶಯ ಬೇಡ.'

ಮಗು ಯೋಚಿಸಿತು.
'ಎಳ್ಳಷ್ಟು ಬೇಡ ತಾತ.
ಗಸಗಸೆಯಷ್ಟು ಇಟ್ಕೋಬಹುದಾ?'

ಮಕ್ಕಳು ನಕ್ಕರು. ಅವರು ನಗಲಿಲ್ಲ.
ನಾನು ಹಾಜರಿ ಕೂಗತೊಡಗಿದೆ, ಎರಡನೇ ಸಲ.

ವಾರವೆಲ್ಲ ತಕ್ಕಡಿಯ ಮುಂದೆ ಕೂತು ಮಾತು ಕೂಡಿಸಿದೆ.
ಅವನು ಬೀಜದಂಗಡಿ ಇಟ್ಟವನಲ್ಲ;
ಹೊಲದ ಬದುವಲ್ಲಿ ನಿಂತವರಿಗೆ
ಅವರ ಅಂಗೈಯಲ್ಲಿದ್ದದ್ದನ್ನೇ ತೋರಿಸಿ ಹೇಳಿದವನು.
ಜೀವ ಬಾಯಿಗೆ ಬಂತು ಎಂದರೆ
ಯಾರು ಟಾರ್ಚು ಹಿಡಿದು ಬಾಯೊಳಗೆ ಇಣುಕುತ್ತಾರೆ?
ಆಕಾಶ ಹರಿದು ಬಿತ್ತು ಎಂದರೆ
ಯಾರು ಸೂಜಿದಾರ ಹುಡುಕುತ್ತಾರೆ?
ಚೆನ್ನಾಗಿದೆ ಅನ್ನಿಸಿತು. ಒಂದು ರಸೀದಿಯ ಹಿಂದೆ ಬರೆದುಕೊಂಡೆ.

ಶನಿವಾರ ಅಂಗಡಿ ಮುಚ್ಚಿದ ಮೇಲೆ
ಅದನ್ನು ಹೇಳಲೆಂದೇ ಜೀವನಹಳ್ಳಿಯ ಅವರ ಮನೆಗೆ ಹೋದೆ.
ಅವರಿರಲಿಲ್ಲ. ವಿಮಲಮ್ಮ ಕಾಫಿ ಕೊಟ್ಟರು.
'ಎರಡನೇ ಶನಿವಾರ ಅಲ್ವಾ, ಪರಪ್ಪನ ಅಗ್ರಹಾರಕ್ಕೆ.
ಎರಡು ಬಸ್ಸು ಬದಲಿಸಿ ಬರೋದು, ಇನ್ನೂ ಲೇಟು.'
ಜೈಲಲ್ಲಿ ಯಾರಿದ್ದಾರೆ?
'ನಮ್ಮೋರು ಯಾರೂ ಇಲ್ಲಪ್ಪ.
ಸೋಪು, ಪೇಸ್ಟು, ಬಿಸ್ಕತ್ತು ಒಯ್ತಾರೆ.
ಯಾರೂ ಬರದೇ ಇರೋರ ಹೆಸರು ಕೇಳಿ ಕರೆಸ್ತಾರೆ.
ಹದಿನಾರು ವರ್ಷ ಆಯ್ತು.
ಸೆರೆಯಲ್ಲಿರೋರನ್ನ ನೋಡೋಕೆ ಹೋಗಬೇಕು ಅಂತ ಬರೆದಿದೆಯಂತೆ.
ಇವರದು ಗೊತ್ತಲ್ಲ, ಬರೆದದ್ದು ಬರೆದ ಹಾಗೆ.'

ಆ ವಾಕ್ಯ ನಾನೂ ಕಲಿಸಿದ್ದೇನೆ.
ಸೆರೆ ಎಂದರೆ ಒಂಟಿತನ ಮಕ್ಕಳೇ,
ಸೆರೆ ಎಂದರೆ ದ್ವೇಷ, ಸೆರೆ ಎಂದರೆ ಮೊಬೈಲು.
ಅರ್ಥದಿಂದ ಅರ್ಥಕ್ಕೆ ನಡೆದು ನಡೆದು
ಒಂದು ದಿನವೂ ಬಸ್ಸು ಹತ್ತಲಿಲ್ಲ.
ರಸೀದಿ ಪರ್ಸಿನಲ್ಲೇ ಉಳಿಯಿತು.
ಕಾಫಿ ಆರಿತ್ತು, ಕುಡಿದೆ.

ಮರುದಿನ ಎಲ್ಲರೆದುರು ಹೇಳಿದೆ:
ಗಸಗಸೆಯೇ ಚಿಕ್ಕದು, ಜೆಮೀಮ. ನೀನು ಅಳೆದದ್ದು ಸರಿ.
ಬಾಗಿಲಲ್ಲಿ ದೇವಪುತ್ರಪ್ಪನವರ ನೆರಳು.
ಬೈಯಬಹುದಿತ್ತು. ಒಳಗೆ ಬಂದು ಅಂಗೈ ಒಡ್ಡಿದರು.
ಅವಳು ಜೋಪಾನವಾಗಿ ಒಂದೇ ಒಂದು ಕಾಳು ಇಟ್ಟಳು.
ಕನ್ನಡಕ ಜೇಬಲ್ಲಿತ್ತು; ಕಣ್ಣಿಗೆ ಸಿಗಲಿಲ್ಲ.
ಹೆಬ್ಬೆರಳಲ್ಲಿ ಸವರಿದರು, ತುಂಬ ಹೊತ್ತು.
'ಇದೆ,' ಅಂದರು.
ಬೇರೇನೂ ಅನ್ನಲಿಲ್ಲ.

ಮುಂದಿನ ಎರಡನೇ ಶನಿವಾರಕ್ಕೆ ರಜೆ ಕೇಳಿದ್ದೇನೆ.
ಯಾಕಮ್ಮ, ಮದುವೆಯಾ? ಅಂದರು ಮಾಲೀಕರು
ತಕ್ಕಡಿಯಿಂದ ತಲೆ ಎತ್ತದೆ.
ಇಲ್ಲ, ಹಾಗೆ ಬರೆದಿದೆ, ಅಂದೆ.