ಹನ್ನೊಂದು ಸೆಕೆಂಡು

ಒಂದು ಫೋನಿಗೆ ಹನ್ನೊಂದು ಸೆಕೆಂಡು.
ಎತ್ತು, ಮುಖದ ಮುಂದೆ ಹಿಡಿ, ಒತ್ತು,
ಚುಕ್ಕೆ ಇದೆಯಾ, ಮಂಜಿದೆಯಾ, ಮೂಲೆ ಹಸಿರಾಗಿದೆಯಾ
ನೋಡು, ಪಾಸು, ಇಡು.
ಪಾಳಿ ಮುಗಿಯುವಷ್ಟರಲ್ಲಿ
ಎರಡು ಸಾವಿರದ ಇನ್ನೂರು ಸಲ ನನ್ನನ್ನು ನಾನೇ ನೋಡಿರುತ್ತೇನೆ.
ನೋಡಿರುತ್ತೇನೆ ಅಂದರೆ
ಟೋಪಿಗೂ ಮಾಸ್ಕಿಗೂ ನಡುವೆ ಉಳಿದಷ್ಟನ್ನು:
ಎರಡು ಕಣ್ಣು, ಹುಬ್ಬು,
ಬೊಟ್ಟು ಕಿತ್ತ ಜಾಗದ ಸಣ್ಣ ಗುರುತು.
ಬೊಟ್ಟು ಒಳಗೆ ತರುವಂತಿಲ್ಲ, ಅಂಟು ಉದುರುತ್ತದಂತೆ.

"ಮುಖ ನೋಡಬೇಡಮ್ಮ, ಚುಕ್ಕೆ ನೋಡು"
ಅನ್ನುತ್ತಾಳೆ ಲೈನ್ ಲೀಡರ್ ತೇನ್‌ಮೊಳಿ, ತಮಿಳಿನಲ್ಲಿ.
ಹೊಸೂರಿನ ಈ ಶೆಡ್ಡಿನೊಳಗೆ ಬೈಗುಳವೆಲ್ಲ ತಮಿಳು,
ಫಾರಂ ಎಲ್ಲ ಇಂಗ್ಲಿಷು,
ಎಣಿಕೆ ಮಾತ್ರ ಒಳಗೊಳಗೇ ಕನ್ನಡ.
ತಳಿಯ ಸ್ಕೂಲಿನಲ್ಲಿ ಒಂದೊಂದ್ಲ ಒಂದು ಕಲಿತ ಬಾಯಿ
ಅಷ್ಟು ಬೇಗ ಬದಲಾಗುವುದಿಲ್ಲ.

ಕ್ಯಾಮೆರಾ ನನ್ನ ಸುತ್ತ ಹಳದಿ ಚೌಕ ಕಟ್ಟುತ್ತದೆ,
ಮುಖ ಸಿಕ್ಕಿತು ಅಂತ.
ಕೆಲವು ಸಲ ನನ್ನನ್ನು ಬಿಟ್ಟು
ಹಿಂದಿನ ಗೋಡೆಯ ಬೆಂಕಿ ಆರಿಸುವ ಸಿಲಿಂಡರಿಗೆ ಕಟ್ಟುತ್ತದೆ.
ಅದೂ ಪಾಸೇ. ಚುಕ್ಕೆ ಇಲ್ಲವಲ್ಲ.

ಪ್ಯಾಕಿಂಗಿನ ಮುನಿಕೃಷ್ಣ,
ಬಾಗಲೂರು ಕಡೆಯವನು, ಮನೆಯಲ್ಲಿ ತೆಲುಗು,
ನಾಲ್ಕು ತಿಂಗಳು ನನ್ನ ಕಣ್ಣಿನ ಜತೆ ಮಾತಾಡಿದ.
ನಾನೂ ಅವನ ಕಣ್ಣಿನ ಜತೆ.
ಕೆಳಗಿನ ಅರ್ಧವನ್ನು ಇಬ್ಬರೂ
ಅವರವರ ಇಷ್ಟಕ್ಕೆ ಬರೆದುಕೊಂಡಿದ್ದೆವು ಅಂತ ಗೊತ್ತಾದದ್ದು
ಕ್ಯಾಂಟೀನಿನಲ್ಲಿ ಎದುರುಬದುರು ತಟ್ಟೆ ಇಟ್ಟು
ಮಾಸ್ಕು ಇಳಿಸಿದ ದಿನ.
ನಾನು ಅವನಿಗೆ ಮೀಸೆ ಕೊಟ್ಟಿದ್ದೆ. ಇರಲಿಲ್ಲ.
ಅವನು ನನಗೇನು ಕೊಟ್ಟಿದ್ದನೋ,
ಮೇಲ್ದುಟಿಯ ಹೊಲಿಗೆ ಗುರುತನ್ನಂತೂ ಅಲ್ಲ.
ಆಗ ನನಗೆ ಏಳು ವರ್ಷ, ಬೋರ್‌ವೆಲ್ಲಿನ ಹ್ಯಾಂಡಲ್ಲು.
ಅವನ ಕಣ್ಣು ಅಲ್ಲಿಗೆ ಬಂತು, ನಿಂತಿತು, ಹೊರಟಿತು.
ಹನ್ನೊಂದು ಸೆಕೆಂಡೂ ಆಗಿರಲಿಕ್ಕಿಲ್ಲ.
"ರಸಂನಲ್ಲಿ ಉಪ್ಪು ಜಾಸ್ತಿ" ಅಂದ.
ಜಾಸ್ತಿ ಇರಲಿಲ್ಲ.

ಆಮೇಲೂ ಮೆಸೇಜು ಬರುತ್ತದೆ. ಊಟ ಆಯ್ತಾ, ಬಸ್ಸು ಬಂತಾ.
ಮೊದಲು ಸಾಲಿನ ಕೊನೆಗೆ ಎರಡು ಚುಕ್ಕೆ ಇರುತ್ತಿದ್ದವು,
ಇನ್ನೇನೋ ಇದೆ ಅನ್ನುವ ಹಾಗೆ..
ಈಗ ಒಂದೇ.
ಚುಕ್ಕೆ ನೋಡುವುದು ನನ್ನ ಕೆಲಸ, ತಪ್ಪುವುದಿಲ್ಲ.

ಅಮ್ಮ ಗುಲಾಬಿ ಶೆಡ್ಡಿನಲ್ಲಿ ಕಡ್ಡಿ ಆರಿಸುತ್ತಾಳೆ.
ನೆಟ್ಟಗಿರುವುದು ವಿಮಾನಕ್ಕೆ,
ಸ್ವಲ್ಪ ಸೊಟ್ಟದ್ದು ಪೇಟೆಗೆ,
ಪೂರಾ ಸೊಟ್ಟದ್ದು ಸೆರಗಿನಲ್ಲಿ ಮನೆಗೆ.
ನಮ್ಮನೆಯ ಸ್ಟೀಲ್ ಲೋಟದಲ್ಲಿ ವರ್ಷವಿಡೀ ಫೇಲಾದ ಗುಲಾಬಿ.

ಭಾನುವಾರ ಅಂಚೆಟ್ಟಿ ಅತ್ತೆಯ ಫೋನು:
ಹುಡುಗ ಗೇರ್ ಕಂಪನಿಯಲ್ಲಿ ಪರ್ಮನೆಂಟು,
ಫೋಟೋ ಕಳಿಸಿ, ಸ್ವಲ್ಪ ಬೆಳ್ಳಗಿರಲಿ.
ಫೋಟೋ ಬೆಳ್ಳಗಿರಲಿ ಅಂದಳೋ ನಾನೋ, ಕೇಳಲಿಲ್ಲ.
ಪಂಪ್‌ಹೌಸಿನ ಪಕ್ಕ ನಿಂತು ಎರಡು ತೆಗೆದೆ.
ಒಂದರಲ್ಲಿ ಫಿಲ್ಟರು ತುಟಿಗೆ ಇಸ್ತ್ರಿ ಹಾಕಿತ್ತು,
ಮೂಗನ್ನು ಯಾರದೋ ಮನೆಯಿಂದ ಕಡ ತಂದಿತ್ತು.
ಇನ್ನೊಂದರಲ್ಲಿ ಎಲ್ಲ ಇತ್ತು, ಹೊಲಿಗೆ, ಬಿಸಿಲು,
ಹಿಂದಿನ ತಂತಿಯ ಮೇಲೆ ತಂಗಿಯ ಲಂಗ.

ಅಮ್ಮ ಎರಡನ್ನೂ ದೂರ ಹಿಡಿದು ನೋಡಿದಳು,
ಕಡ್ಡಿ ನೋಡುವ ಹಾಗೆ.
"ಸುಳ್ಳಿಂದೇ ಕಳ್ಸು" ಅಂದಳು.
"ಅವ್ರೂ ಅಂಥದ್ದೇ ಕಳ್ಸಿರ್ತಾರೆ."
ಇಬ್ಬರೂ ನಕ್ಕೆವು.
ನಗುವಾಗ ನನ್ನ ತುಟಿ ಬಲಕ್ಕೆ ಎಳೆಯುತ್ತದೆ.
ಇದು ಯಾವ ಫೋನಿಗೂ ಗೊತ್ತಿಲ್ಲ.

ಕಳಿಸಲಿಲ್ಲ ಇನ್ನೂ.
ನಾಲ್ಕೂ ಮುಕ್ಕಾಲರ ಕಂಪನಿ ಬಸ್ಸು, ಕಿಟಕಿಯಾಚೆ
ಪಾಲಿಹೌಸುಗಳು ದೀಪ ನುಂಗಿ ಉಬ್ಬಿಕೊಂಡಿವೆ.
ಕತ್ತಲಲ್ಲಿ ನನ್ನ ಫೋನು ನನ್ನನ್ನು ನೋಡಿ
ಮುಖ ಗೊತ್ತಾಗಲಿಲ್ಲ ಅಂದಿತು. ಮತ್ತೊಮ್ಮೆ ಅಂದಿತು.
ಇರಲಿ, ಅದನ್ನು ಪಾಸು ಮಾಡಿದವಳೂ ಯಾರೋ ನನ್ನಂಥವಳೇ,
ಎಲ್ಲೋ, ಬೊಟ್ಟು ಕಿತ್ತಿಟ್ಟು, ಲೆಕ್ಕ ಹಾಕುತ್ತ.

ನಾಲ್ಕು ಅಂಕಿ ಒತ್ತಿ ಒಳಗೆ ಹೋದೆ.
ಮುನಿಕೃಷ್ಣ: ಬಸ್ಸು ಬಂತಾ
ಒಂದು ಚುಕ್ಕೆಯೂ ಇಲ್ಲ.
ಬಂತು ಅಂತ ಬರೆದೆ. ಎರಡು ಚುಕ್ಕೆ ಇಟ್ಟೆ.
ಒಂದನ್ನು ಅಳಿಸಿ, ಮತ್ತೆ ಇಟ್ಟೆ.
ಮತ್ತಿಗಿರಿಯಲ್ಲಿ ತೇನ್‌ಮೊಳಿ ಹತ್ತಿದಳು,
ಹಣೆಯಲ್ಲಿ ದೊಡ್ಡ ಕೆಂಪು ಬೊಟ್ಟು,
ಇನ್ನರ್ಧ ಗಂಟೆಯದ್ದು.